ಅಮ್ಮನ ಹುಂಜ ಹರಾಜಾಯಿತು

ಗೆಳೆಯರೇ, ಇವತ್ತು ಚರ್ಚಿನ ಸುಗ್ಗಿ ಹಬ್ಬದ ಹರಾಜಿನಲ್ಲಿ ಅಮ್ಮ ಎಲ್ಲರೆದುರು ನನಗೆ ಬೈದಳು.

ಪ್ರತಿ ವರ್ಷ ಈ ಹಬ್ಬಕ್ಕೆ ಅಮ್ಮ ತಾನು ಸಾಕಿದ ಹುಂಜವನ್ನು ದೇವರಿಗೆ ಕಾಣಿಕೆ ಕೊಡುತ್ತಾಳೆ. ತೊಂಬತ್ತರ ದಶಕದಲ್ಲಿ ನಾವು ಗುಬ್ಬಿಯಲ್ಲಿದ್ದಾಗಿನಿಂದಲೂ ಅದನ್ನು ಹರಾಜಿನಲ್ಲಿ ಅಪ್ಪನೇ ಕೂಗಿ, ಕೊಂಡು, ಮನೆಗೆ ವಾಪಸ್ ತರುತ್ತಿದ್ದರು. ದಾರಿಯುದ್ದಕ್ಕೂ ಅಮ್ಮ ಬೈಯುತ್ತಿದ್ದಳು. ಮನೆಗೆ ಬಂದ ತಕ್ಷಣ ಅದೇ ಹುಂಜಕ್ಕೆ ರಾಗಿ ಚೆಲ್ಲುತ್ತಿದ್ದಳು.

ಅಪ್ಪ ತೀರಿಕೊಂಡ ಮೇಲೆ ಇದು ಮೊದಲ ಸುಗ್ಗಿ ಹಬ್ಬ. ಹಾಗಾಗಿ ಇವತ್ತು ನಾನು ಕೂಗಿದೆ. ಹೆಂಗಸರ ಸಾಲಿನಿಂದ ಅಮ್ಮ ಎದ್ದು ನಿಂತಳು.

"ಏ, ಸುಮ್ನಿರೋ! ದೇವ್ರಿಗೆ ಕೊಟ್ಟಿದ್ದನ್ನ ಯಾರಾದ್ರೂ ವಾಪಸ್ ತಗೊಂಡೋಗ್ತಾರಾ?"

ಎಲ್ಲರೂ ನಕ್ಕರು. ನಾನು ಕೂಗುವುದನ್ನು ಬಿಟ್ಟೆ. ಯಾರೋ ಅದನ್ನು ಕೊಂಡು, ಬೈಕಿಗೆ ನೇತುಹಾಕಿಕೊಂಡು ಹೊರಟೇಹೋದರು.

ಈಗ ನಾವಿರುವ ಮರಳೂರಿಗೆ ವಾಪಸಾಗುವಾಗ ಆಟೋದಲ್ಲಿ ಅಮ್ಮ ಬೈಯಲಿಲ್ಲ. ಮನೆ ಬಾಗಿಲಲ್ಲಿ ನಿಂತು ಕೇಳಿದಳು:

"ನಾನ್ ಬೈದೆ ಅಂತ ಬುಟ್ಬುಡೋದೇನೋ? ನಿಮ್ಮಪ್ಪ ಬುಡ್ತಿದ್ರಾ?"

ಆ ಕೆಂಪು ಹುಂಜ ಕೊಂಡ ಪುಣ್ಯಾತ್ಮರು ಇದನ್ನು ಓದುತ್ತಿದ್ದರೆ, ದಯವಿಟ್ಟು ಇವತ್ತೊಂದು ದಿನ ಬೇಳೆಸಾರು ಮಾಡಿಕೊಳ್ಳಿ. ಬರುತ್ತಿದ್ದೇನೆ.