ಗುಂಡಿ ಒತ್ತಿ ಹೇಳಿದ ಸಾಕ್ಷಿ

ನಮ್ಮ ಚಿಕ್ಕಪ್ಪ ಕರೆಂಟಿಗೆ ಹೆದರುವ ಎಲೆಕ್ಟ್ರಿಷಿಯನ್. ಇದು ನಾನು ಕಟ್ಟಿ ಹೇಳುತ್ತಿರುವುದಲ್ಲ, ನಮ್ಮ ಬೀದಿಯವರು ಅವರ ಮುಖದ ಮೇಲೇ ಆಡುವ ಮಾತು. ಪುಕ್ಕಲು ಮೇಸ್ತ್ರಿ ಎಂದರೆ ಸಣ್ಣ ಮಕ್ಕಳೂ ಅವರ ಮನೆ ತೋರಿಸುತ್ತಾರೆ. ಒಂದು ಬಲ್ಬಿನ ಹೋಲ್ಡರ್ ಬದಲಿಸಬೇಕಾದರೂ ಮೇನ್ ಸ್ವಿಚ್ ಆಫ್ ಮಾಡಿ, ಅದರ ಮೇಲೆ ಟೇಪು ಸುತ್ತಿ, ಮನೆಯವರಲ್ಲಿ ಒಬ್ಬರನ್ನು ಅದರ ಮುಂದೆ ಕಾವಲಿಗೆ ನಿಲ್ಲಿಸುತ್ತಾರೆ. ನಿಂತವರು ಸುಮ್ಮನೆ ನಿಲ್ಲುವಂತಿಲ್ಲ. ಏಣಿಯ ಮೇಲಿಂದ ಚಿಕ್ಕಪ್ಪ “ಏನಾಗಿದೆ?” ಎಂದಾಗಲೆಲ್ಲ “ಆಫ್ ಆಗಿದೆ!” ಎಂದು ಕೂಗಬೇಕು. ಉತ್ತರ ಒಂದು ಕ್ಷಣ ತಡವಾದರೆ ಕೆಲಸ ಅರ್ಧಕ್ಕೆ ಬಿಟ್ಟು ಇಳಿದುಬಿಡುತ್ತಾರೆ.

ಈ ಹೆದರಿಕೆ ಹುಟ್ಟಿನಿಂದ ಬಂದದ್ದಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವರು ಒಬ್ಬ ಹಿರಿಯ ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿಯುತ್ತಿದ್ದರಂತೆ. ಆ ಮೇಸ್ತ್ರಿ ಏಣಿಯ ಮೇಲೆ ವೈರು ಹಿಡಿದು ನಿಂತಿದ್ದಾಗ, ಮನೆಯವರು ಯಾರೋ ಕತ್ತಲೆಯಾಯಿತೆಂದು ಗೊಣಗುತ್ತಾ ಬಂದು ಮೇನ್ ಸ್ವಿಚ್ ಹಾಕಿಬಿಟ್ಟರು. ಕೆಳಗೆ ಏಣಿ ಹಿಡಿದಿದ್ದವರು ನಮ್ಮ ಚಿಕ್ಕಪ್ಪ. ಬಿದ್ದವರ ಕೊನೆಯ ಉಸಿರು ಕಂಡವರೂ ಅವರೇ. ಅಂದಿನಿಂದ ನಲವತ್ತನಾಲ್ಕು ವರ್ಷ, ತಮ್ಮ ಕೆಲಸದಿಂದ ಯಾರ ಕೂದಲೂ ಕೊಂಕಿಲ್ಲ ಎನ್ನುವುದೊಂದೇ ಅವರ ಜಂಬ. ನಾವೆಲ್ಲ ಎಷ್ಟೇ ಆಡಿಕೊಂಡರೂ ಆ ಮಾತನ್ನು ಮಾತ್ರ ಯಾರೂ ಅಲ್ಲಗಳೆಯುತ್ತಿರಲಿಲ್ಲ.

ನಮ್ಮ ಬೀದಿಯಲ್ಲಿ ಇಪ್ಪತ್ತಾರು ಮನೆಗಳಿವೆ. ಎಲ್ಲವೂ ಒಂದಕ್ಕೊಂದು ಅಂಟಿಕೊಂಡಂಥವು, ಒಂದೇ ಅಚ್ಚಿನವು. ಕೆಳಗೆ ಎರಡು ಕೋಣೆ, ನಡುವೆ ಮರದ ಮೆಟ್ಟಿಲು, ಮೇಲೆ ಎರಡು ಕೋಣೆ. ಇಪ್ಪತ್ತು ವರ್ಷದ ಹಿಂದೆ ಇಷ್ಟೂ ಮನೆಗಳ ಚಾವಣಿಗೆ ಹೊಗೆ ಅಲಾರಂ ಕೂರಿಸಿದವರು ಚಿಕ್ಕಪ್ಪ. ಮನೆಗೆ ಮೂರರಂತೆ, ಗೋಡೆಯೊಳಗಿನ ವೈರಿನಿಂದ ಒಂದಕ್ಕೊಂದು ಜೋಡಿಸಿದವು. ಕರೆಂಟು ಹೋದರೆ ಇರಲೆಂದು ಒಳಗೆ ಬ್ಯಾಟರಿ ಬೇರೆ. ಒಂದಕ್ಕೆ ಹೊಗೆ ತಾಗಿದರೆ ಮೂರೂ ಕೂಗಬೇಕು. ಪ್ರತಿ ತಿಂಗಳ ಮೊದಲ ಭಾನುವಾರ ಪೊರಕೆಯ ಹಿಡಿಯಿಂದ ಅದರ ನಡುವಿನ ಗುಂಡಿ ಒತ್ತಿ ನೋಡಬೇಕೆಂದು ಎಲ್ಲರಿಗೂ ಕಲಿಸಿದವರು ಅವರೇ. ಆ ದಿನ ಬೆಳಿಗ್ಗೆ ಹತ್ತಕ್ಕೆ ಇಡೀ ಬೀದಿ ಕಿರುಚುತ್ತಿತ್ತು. ಚಿಕ್ಕಪ್ಪ ಹೊರಗೆ ಕುರ್ಚಿ ಹಾಕಿಕೊಂಡು, ಯಾವ ಮನೆಯದು ಕೂಗಲಿಲ್ಲ ಎಂದು ಬೆರಳು ಮಡಿಸುತ್ತಾ ಕೂರುತ್ತಿದ್ದರು.

ಈಗ ಕೊನೆಮನೆಯ ಟೈಲರಮ್ಮನ ವಿಷಯ ಹೇಳಬೇಕು. ಹೇಳಲು ನನಗೆ ನಾಚಿಕೆಯಾಗುತ್ತದೆ.

ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ಆ ಮನೆಯ ಮೇಲಿನ ಕೋಣೆಗೆ ಬೆಂಕಿ ಹತ್ತಿತು. ಹಾಸಿಗೆ ಹಿಡಿದಿದ್ದ ಅವಳ ಅತ್ತೆ ಮಲಗಿದ್ದುದು ಅಲ್ಲೇ. ಹೀಟರಿನ ವೈರು ಸುಟ್ಟು ಹೊದಿಕೆಗೆ ಕಿಡಿ ತಾಗಿತ್ತು. ಟೈಲರಮ್ಮ ಕೆಳಗೆ ಮೆಷಿನ್ ತುಳಿಯುತ್ತಿದ್ದಳು. ವಾಸನೆ ಬಂದು ಮೇಲೆ ಓಡುವಷ್ಟರಲ್ಲಿ ಕೋಣೆಯಲ್ಲಿ ಹೊಗೆ ತುಂಬಿ ಅತ್ತೆಯ ಉಸಿರು ನಿಂತಿತ್ತು. “ಅದು ಕೂಗ್ಲೇ ಇಲ್ಲ, ಕೂಗಿದ್ರೆ ನಾನು ಓಡ್ತಿರ್ಲಿಲ್ವಾ?” ಎಂದು ಅವಳು ಬಂದವರ ಮುಂದೆಲ್ಲ ಗೋಗರೆದಳು. ಮೇಲಿನ ಅಲಾರಂಗಳು ಕರಗಿ ಮುದ್ದೆಯಾಗಿದ್ದವು, ಕೆಳಗಿನದು ಮಾತ್ರ ನೆಟ್ಟಗಿತ್ತು. ಅವಳ ಗಂಡ, ಬಸ್ ಡಿಪೋದ ಮೆಕ್ಯಾನಿಕ್, ಚಿಕ್ಕಪ್ಪನನ್ನು ಕರೆಸಿ “ನೀವೇ ಹಾಕಿದ್ದು, ನೀವೇ ನೋಡಿ ಹೇಳಿ” ಎಂದ. ಚಿಕ್ಕಪ್ಪ ಪೊರಕೆಯ ಹಿಡಿಯಿಂದ ಗುಂಡಿ ಒತ್ತಿದರು. ಬಾಗಿಲಲ್ಲಿ ನೆರೆದಿದ್ದ ನಾವೆಲ್ಲ ಬೆಚ್ಚಿಬೀಳುವಂತೆ ಅದು ಕಿರುಚಿತು.

“ನನ್ನ ಕೆಲಸದಲ್ಲಿ ತಪ್ಪಿಲ್ಲಪ್ಪ. ಇದು ಕೂಗೇ ಇರುತ್ತೆ” ಎಂದರು ಚಿಕ್ಕಪ್ಪ.

ಅಷ್ಟೇ ಸಾಕಾಯಿತು. ಮೂರು ವರ್ಷ ಅತ್ತೆಯ ಹೇಸಿಗೆ ಬಳಿದು ಬೇಸತ್ತವಳು, ಕೇಳಿಸಿದರೂ ಮೇಲೆ ಹೋಗಲಿಲ್ಲ ಎಂದು ಬೀದಿ ತೀರ್ಮಾನಿಸಿತು. ಯಾರೂ ಬಾಯಿಬಿಟ್ಟು ಅನ್ನಲಿಲ್ಲ, ಅವಳಿಗೆ ಬಟ್ಟೆ ಹೊಲಿಯಲು ಕೊಡುವುದನ್ನು ನಿಲ್ಲಿಸಿದರು. ನಾನೂ ನಿಲ್ಲಿಸಿದೆ. ಗಂಡ ಮನೆ ಬಿಟ್ಟು ಹೋಗಲಿಲ್ಲ, ಬೈಯಲಿಲ್ಲ. ಆದರೆ ಅಂದಿನಿಂದ ಅವಳೊಡನೆ ಎಷ್ಟು ಬೇಕೋ ಅಷ್ಟೇ ಮಾತು ಎಂದು ಪಕ್ಕದ ಮನೆಯಾಕೆ ಹೇಳುತ್ತಿದ್ದಳು. ಅವರ ಮನೆಗೂ ಈಕೆಯ ಮನೆಗೂ ನಡುವೆ ಇರುವುದು ಒಂದೇ ಗೋಡೆ, ಹಾಗಾಗಿ ಸುಳ್ಳಿರಲಾರದು.

ಕಳೆದ ತಿಂಗಳು ನಮ್ಮ ಮನೆಯ ಮೆಟ್ಟಿಲ ಮೇಲಿನ ಅಲಾರಂ ನಿಮಿಷಕ್ಕೊಮ್ಮೆ ಕೀಚ್ ಅನ್ನತೊಡಗಿತು. ಬ್ಯಾಟರಿ ಬದಲಿಸಿದರೂ ನಿಲ್ಲಲಿಲ್ಲ. ನಾನು ಲಾಂಡ್ರಿಯಲ್ಲಿ ದಿನವಿಡೀ ಇಸ್ತ್ರಿ ತಿಕ್ಕಿ ಬರುವವಳು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಪೊರಕೆಯಿಂದ ಅದಕ್ಕೊಂದು ಬಾರಿಸುವುದೇ ಸರಿ ಎಂದುಕೊಳ್ಳುತ್ತಿರುವಾಗ, ನನ್ನ ರಜೆಯ ದಿನ ನೋಡಿಕೊಂಡು ಚಿಕ್ಕಪ್ಪ ಮೂರು ಹೊಸ ಅಲಾರಂ ಹಿಡಿದು ಬಂದರು. ಎಂದಿನಂತೆ ನನ್ನನ್ನು ಮೇನ್ ಸ್ವಿಚ್ಚಿನ ಮುಂದೆ ನಿಲ್ಲಿಸಿದರು.

“ಏನಾಗಿದೆ?”

“ಆಫ್ ಆಗಿದೆ!”

“ನಿಜವಾಗ್ಲೂ?”

“ಚಿಕ್ಕಪ್ಪಾ, ಮದುವೆ ದಿನ ಚಿಕ್ಕಮ್ಮನ್ನೂ ಹೀಗೇ ಕೇಳಿದ್ರಾ?”

ಹಳೆಯ ಮೂರನ್ನೂ ಕಳಚಿ ಅಡುಗೆಮನೆಯ ಮೇಜಿನ ಮೇಲಿಟ್ಟರು. ಹೊಸದರ ಪೆಟ್ಟಿಗೆಯಲ್ಲಿ ಮಡಚಿಟ್ಟ ಒಂದು ಕಾಗದವಿತ್ತು. ಕನ್ನಡಕ ಮರೆತು ಬಂದಿದ್ದ ಚಿಕ್ಕಪ್ಪ ನನಗೇ ಓದಲು ಹೇಳಿದರು. ನಾನು ಟೀವಿಯಲ್ಲಿ ವಾರ್ತೆ ಓದುವವರ ಗತ್ತಿನಲ್ಲಿ ಓದಿದೆ: ಹತ್ತು ವರ್ಷಕ್ಕೊಮ್ಮೆ ಬದಲಿಸಬೇಕು. ಗುಂಡಿ ಒತ್ತಿದಾಗ ಸದ್ದು ಬಂದರೆ ವೈರು ಮತ್ತು ಕೂಗುವ ಭಾಗ ಸರಿಯಿವೆ ಎಂದಷ್ಟೇ ಅರ್ಥ. ಹೊಗೆಯನ್ನು ಗುರುತಿಸುವ ಭಾಗ ಹಳತಾಗಿ ಕೆಟ್ಟಿದ್ದರೂ ಸದ್ದು ಬರಬಹುದು.

“ಇನ್ನೊಂದ್ಸಲ ಓದು” ಎಂದರು ಚಿಕ್ಕಪ್ಪ.

ಈ ಸಲ ವಾರ್ತೆಯ ಗತ್ತು ಬರಲಿಲ್ಲ. ಓದಿ ಮುಗಿಸುವುದರೊಳಗೆ ಅವರು ಒಂದು ಹಳೆಯ ಬಟ್ಟೆಯ ಚೂರನ್ನು ಬತ್ತಿಯಂತೆ ಹೊಸೆದು, ಕಿಡಿ ತಾಗಿಸಿ, ಉಫ್ ಎಂದು ಊದಿ ಬರೀ ಹೊಗೆಯಾಡುವಂತೆ ಮಾಡಿದ್ದರು. ಅದನ್ನು ಮೊದಲನೆಯ ಹಳೆಯ ಅಲಾರಮ್ಮಿನ ಕಿಂಡಿಗೆ ಹಿಡಿದರು. ಹೊಗೆ ಒಳಗೆ ಹೋಯಿತು, ಇನ್ನೊಂದು ಪಕ್ಕದಿಂದ ಹೊರಗೆ ಬಂತು. ಸದ್ದಿಲ್ಲ. ಎರಡನೆಯದಕ್ಕೆ ಹಿಡಿದರು, ಸದ್ದಿಲ್ಲ. ಮೂರನೆಯದೂ ಹಾಗೇ. ನನಗೆ ಕೆಮ್ಮು ಬಂತು, ಅವಕ್ಕೆ ಏನೂ ಬರಲಿಲ್ಲ. ಆಮೇಲೆ ಚಿಕ್ಕಪ್ಪ ಒಂದರ ಗುಂಡಿ ಒತ್ತಿದರು. ಅದು ಪಾತ್ರೆಗಳು ಅದುರುವಂತೆ ಕಿರುಚಿತು. ಹೊಸದಕ್ಕೆ ಬ್ಯಾಟರಿ ಹಾಕಿ ಅದೇ ಬತ್ತಿ ಹಿಡಿದರೆ ಆರು ಎಣಿಸುವಷ್ಟರಲ್ಲಿ ಕೂಗಿತು.

ಆ ಮೂರರಲ್ಲಿ ಒಂದರ ಕೆಳಗೆ ನನ್ನ ಮಗಳು ಹುಟ್ಟಿದಂದಿನಿಂದ ಮಲಗುತ್ತಿದ್ದಾಳೆ. ಪ್ರತಿ ರಾತ್ರಿ ಬಾಗಿಲು ಮುಂದೆ ಮಾಡುವಾಗ ಆ ಬಿಳಿ ಬಿಲ್ಲೆಯ ಕಡೆ ಒಮ್ಮೆ ನೋಡಿ, ಅದಿದೆಯಲ್ಲ ಎಂದು ನಿಶ್ಚಿಂತೆಯಿಂದ ನಿದ್ದೆ ಹೋಗಿದ್ದೇನೆ. ಚಿಕ್ಕಪ್ಪ ಅಲಾರಂ ಮಗುಚಿ, ಹಿಂದೆ ಅಚ್ಚಾಗಿದ್ದ ಇಸವಿಯನ್ನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು.

“ಬೆಂಕಿ ಬಿದ್ದಾಗ ಇದಕ್ಕೆ ಹದಿನಾಲ್ಕು ವರ್ಷ” ಎಂದರು. ಯಾವ ಬೆಂಕಿ ಎಂದು ನಾನು ಕೇಳಬೇಕಾಗಿರಲಿಲ್ಲ.

“ಬಿಡಿ ಚಿಕ್ಕಪ್ಪ, ಮುಗಿದುಹೋದ ಮಾತು. ಅವತ್ತು ಅದು ಕೆಟ್ಟಿತ್ತೋ ಇಲ್ವೋ ಯಾರಿಗೆ ಗೊತ್ತು?”

“ಅದೇ ಕಣೇ. ನನಗೂ ಗೊತ್ತಿರ್ಲಿಲ್ಲ. ಗೊತ್ತು ಅಂದೆ.”

“ಅವಳ ಗಂಡನ ಕೈ ನೋಡಿದೀರಾ? ಬಸ್ಸಿನ ಚಕ್ರ ಒಬ್ನೇ ಎತ್ತಿ ಕೂರಿಸೋನು. ನಿಮ್ಮನ್ನ ಸುಮ್ನೆ ಬಿಡ್ತಾನಾ?”

“ನೋಡಿದೀನಿ. ಅದಕ್ಕೇ ನೀನೂ ಬಾ.”

ನನಗೆ ಹೋಗಲು ಸುತರಾಂ ಇಷ್ಟವಿರಲಿಲ್ಲ. ಚಿಕ್ಕಪ್ಪನಿಗೆ ಏನಾದರೂ ಆದೀತೆಂಬ ಭಯ ಒಂದು ಕಡೆ, ಆ ಹೆಂಗಸಿನ ಮುಖವನ್ನು ಹೇಗೆ ನೋಡಲಿ ಎಂಬ ಭಯ ಇನ್ನೊಂದು ಕಡೆ. ಆದರೂ ಮೊದಲು ಹೊಸ ಮೂರನ್ನೂ ನಮ್ಮ ಚಾವಣಿಗೆ ಕೂರಿಸುವವರೆಗೆ ಅವರನ್ನು ಹೊರಡಗೊಡಲಿಲ್ಲ. ತಿರುಗಿಸುವಾಗ ಅವರ ಕೈಯಿಂದ ಎರಡು ಸಲ ಸ್ಕ್ರೂ ಕೆಳಗೆ ಬಿತ್ತು. “ಏನಾಗಿದೆ?” ಎಂದು ಕೇಳುವುದನ್ನು ಅವರು ಮರೆತದ್ದು ಅಂದೇ ಮೊದಲು. ನಾನೇ ನಿಮಿಷಕ್ಕೊಮ್ಮೆ “ಆಫ್ ಆಗಿದೆ, ಆಫ್ ಆಗಿದೆ” ಎನ್ನುತ್ತಿದ್ದೆ.

ನಮ್ಮ ಮನೆಯಿಂದ ಕೊನೆಮನೆಗೆ ಐದು ನಿಮಿಷದ ದಾರಿ. ಅಂದು ಕಾಲು ಗಂಟೆ ಹಿಡಿಯಿತು. ಚಿಕ್ಕಪ್ಪ ಪ್ರತಿ ಬಾಗಿಲಿನ ಮುಂದೆಯೂ ನಿಲ್ಲುತ್ತಿದ್ದರು. ಈ ಮನೆಯಲ್ಲಿ ಬಾಣಂತಿ ಇದ್ದಾಳೆ, ಆ ಮನೆಯ ಯಜಮಾನ ರಾತ್ರಿ ಪಾಳಿ ಮುಗಿಸಿ ಹಗಲು ಮಲಗುತ್ತಾನೆ, ಇಲ್ಲಿ ಕಾಲು ಮುರಿದುಕೊಂಡ ಅಜ್ಜ ಮಹಡಿಯ ಮೇಲೇ ಇದ್ದಾರೆ. ಒಂದೊಂದನ್ನೂ ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಇಪ್ಪತ್ತೈದು ಮನೆಗಳಲ್ಲೂ ಅದೇ ಬಿಳಿ ಬಿಲ್ಲೆ, ಅದೇ ವಯಸ್ಸಿನದು. ಯಾವುದೋ ಮನೆಯ ಕಿಟಕಿಯಿಂದ ಒಗ್ಗರಣೆಯ ಹೊಗೆ ಬಂದರೂ ನನ್ನ ಜೀವ ಬಾಯಿಗೆ ಬರುತ್ತಿತ್ತು.

ಟೈಲರಮ್ಮ ಬಾಗಿಲು ತೆಗೆದಳು. ಕುತ್ತಿಗೆಯಲ್ಲಿ ಅಳತೆ ಟೇಪು ಇತ್ತು. ನಮ್ಮನ್ನು ಕಂಡು ಅವಳ ಮುಖ ಬಿಳಚಿಕೊಂಡಿತು. “ಡಿಪೋದಲ್ಲಿ ಅವರಿಗೇನಾದ್ರೂ ಆಯ್ತಾ?” ಎಂದಳು. ಆರು ವರ್ಷದಿಂದ ಅವಳ ಮನೆಗೆ ಸುಮ್ಮನೆ ಯಾರೂ ಬಂದಿರಲಿಲ್ಲ.

ಚಿಕ್ಕಪ್ಪ ನಿಂತಲ್ಲೇ ಎಲ್ಲವನ್ನೂ ಹೇಳಿದರು. ಆಮೇಲೆ ಮೇನ್ ಸ್ವಿಚ್ ಆಫ್ ಮಾಡಿ, ಕುರ್ಚಿ ಹತ್ತಿ, ಅಂದು ತಾವು ಗುಂಡಿ ಒತ್ತಿದ ಅದೇ ಅಲಾರಮ್ಮನ್ನು ಕಳಚಿ, ಹೊಲಿಗೆ ಮೆಷಿನ್ನಿನ ಮೇಲಿಟ್ಟು ಬತ್ತಿ ಹಿಡಿದರು. ನಾನು ಮನಸ್ಸಿನಲ್ಲೇ ನೂರರವರೆಗೆ ಎಣಿಸಿದೆ. ಅದು ಕೂಗಲಿಲ್ಲ. ಗುಂಡಿ ಒತ್ತಿದರು, ಕೂಗಿತು. ಆ ಸದ್ದಿಗೆ ಟೈಲರಮ್ಮ ಹೊಡೆತ ತಪ್ಪಿಸಿಕೊಳ್ಳುವವಳಂತೆ ಕೈ ಅಡ್ಡ ಹಿಡಿದು ಗೋಡೆಗೆ ಒರಗಿದಳು.

ಅಳುತ್ತಾಳೆ, ಇಲ್ಲವೇ ನಮ್ಮನ್ನು ಆಚೆಗಟ್ಟುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಮೆಲ್ಲಗೆ ಮಾತಾಡಿದಳು.

“ನೀವು ಅಷ್ಟು ಗಟ್ಟಿಯಾಗಿ ಹೇಳಿದ್ಮೇಲೆ ನನಗೇ ಅನುಮಾನ ಶುರುವಾಯ್ತು. ಕೂಗಿತ್ತೇನೋ, ಇದೊಂದು ಹೊಲಿಗೆ ಮುಗಿಸಿ ಹೋಗೋಣ ಅಂತ ನಾನೇ ಕೂತಿದ್ನೇನೋ ಅಂತ. ಈಗೀಗ ಅವತ್ತಿನ ದಿನ ನೆನಪು ಮಾಡ್ಕೊಂಡ್ರೆ ಅದರ ಕೂಗೂ ಕೇಳಿಸುತ್ತೆ. ಸ್ಪಷ್ಟವಾಗಿ ಕೇಳಿಸುತ್ತೆ.”

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

“ಅವರು ಐದೂವರೆಗೆ ಬರ್ತಾರೆ” ಎಂದಳು ಟೈಲರಮ್ಮ. “ಕೂತ್ಕೊಳ್ಳಿ. ಅವರ ಮುಂದೆ ಇನ್ನೊಂದ್ಸಲ ಮಾಡಿ.”

ನಾಲ್ಕೂಕಾಲಿನಿಂದ ಐದೂವರೆಯವರೆಗೆ ಕೂತೆವು. ಬೀದಿಯಲ್ಲಿ ಹೆಜ್ಜೆ ಸದ್ದು ಕೇಳಿದಾಗಲೆಲ್ಲ ಚಿಕ್ಕಪ್ಪ ಎದ್ದು ನಿಂತು ಮತ್ತೆ ಕೂರುತ್ತಿದ್ದರು. ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಹಿತ್ತಲ ಬಾಗಿಲಿನಿಂದ ಎದ್ದು ಹೋಗೋಣವೇ ಎಂದು ನಾನು ಕಣ್ಣಲ್ಲೇ ಕೇಳಿದೆ. ಅವರು ತಲೆ ಅಲ್ಲಾಡಿಸಿದರು. ಇಷ್ಟು ಹೆದರಿದ ಮನುಷ್ಯ ಇಷ್ಟು ಹೊತ್ತು ಒಂದೇ ಕಡೆ ಕೂತದ್ದನ್ನು ನಾನು ಕಂಡಿರಲಿಲ್ಲ.

ಮೆಕ್ಯಾನಿಕ್ ಬಂದ. ಕೈಗೆ ಎಣ್ಣೆ ಮೆತ್ತಿತ್ತು. ನಮ್ಮನ್ನು, ಹೆಂಡತಿಯನ್ನು, ಮೆಷಿನ್ನಿನ ಮೇಲಿದ್ದ ಅಲಾರಮ್ಮನ್ನು ಒಂದೊಂದಾಗಿ ನೋಡಿದ. ಚಿಕ್ಕಪ್ಪ ತೊದಲುತ್ತಾ ಹೇಳಿದ್ದನ್ನೆಲ್ಲ ಕೇಳಿ, ಬತ್ತಿಯನ್ನು ಅವರ ಕೈಯಿಂದ ತೆಗೆದುಕೊಂಡು ತಾನೇ ಹಚ್ಚಿ ಹಿಡಿದ. ಕಿಡಿ ಬೆರಳಿಗೆ ಬರುವವರೆಗೂ ಹಿಡಿದೇ ಇದ್ದ. ಕೋಣೆಯ ತುಂಬ ಹೊಗೆ, ಸದ್ದು ಮಾತ್ರ ಇಲ್ಲ.

“ಅವತ್ತೂ ಇದು ಕೆಟ್ಟಿತ್ತು ಅಂತ ನಾನು ಈಗ್ಲೂ ಹೇಳಲಾರೆ” ಎಂದರು ಚಿಕ್ಕಪ್ಪ. “ಸರಿಯಾಗಿ ನೋಡದೆ ಸಾಕ್ಷಿ ಹೇಳಿದೆ. ಅಷ್ಟು ಮಾತ್ರ ನಿಜ.” ಹೇಳಿ, ಏಟು ಬೀಳಲಿ ಎಂಬಂತೆ ಕಣ್ಣು ಮುಚ್ಚಿಕೊಂಡರು.

ಆತ ಅವರ ಕಡೆ ನೋಡಲೂ ಇಲ್ಲ. ಹೆಂಡತಿಯ ಕಡೆ ತಿರುಗಿದ.

“ನೀನು ಅವತ್ತೇ ಹೇಳಿದ್ದೆ.”

“ಹೇಳಿದ್ದೆ.”

“ನಾನು ನಿನ್ನ ಬಿಟ್ಟು ಇವರನ್ನ ಕೇಳ್ದೆ.”

ಆತ ಮೆಷಿನ್ನಿನ ಪಕ್ಕದ ನೆಲದ ಮೇಲೆ ಕುಸಿದು ಕೂತು, ಎಣ್ಣೆಯ ಕೈಯಲ್ಲೇ ಮುಖ ಮುಚ್ಚಿಕೊಂಡ. ಅವಳು ಅವನನ್ನು ಮುಟ್ಟಲಿಲ್ಲ, ಸಮಾಧಾನ ಮಾಡಲಿಲ್ಲ. ನಾವು ಮೆಲ್ಲಗೆ ಬಾಗಿಲ ಕಡೆ ಸರಿದಾಗ ಹಿಂದಿನಿಂದ ಅವಳ ದನಿ ಬಂತು.

“ಅವತ್ತು ಈ ಬಾಗಿಲಲ್ಲಿ ನಿಂತು ನೋಡಿದ್ರಲ್ಲ, ಅವರಿಗೆಲ್ಲ ಹೋಗಿ ಹೇಳಿ.”

ಹೇಳುವಾಗ ಅವಳು ನೋಡುತ್ತಿದ್ದುದು ಚಿಕ್ಕಪ್ಪನನ್ನಲ್ಲ, ನನ್ನನ್ನು. ನಾನು ಹೊರಗೆ ಬರುವಷ್ಟರಲ್ಲಿ, ಚಿಕ್ಕಪ್ಪ ಪಕ್ಕದ ಮನೆಯ ಬಾಗಿಲು ತಟ್ಟುತ್ತಿದ್ದರು.