ಕಂಬಕ್ಕೆ ಗೊತ್ತಿದ್ದ ಬ್ರೇಕು

ಹೋದ ಸೋಮವಾರ ನಮ್ಮ ಕಾರು ಹಿರೇಬೆಂಡಿಗೇರಿಯ ಒಂದು ತಿಪ್ಪೆಯಲ್ಲಿ ನಿಂತಿತು. ನಿಲ್ಲಿಸಿದ್ದು ಬ್ರೇಕಲ್ಲ, ತಿಪ್ಪೆ.

ಒಳಗೆ ಮೂವರಿದ್ದೆವು. ಮುಂದೆ ನಮ್ಮ ಯಜಮಾನರು, ಓಡಿಸುತ್ತಿದ್ದವರು ಅವರೇ. ಹಿಂದೆ ನಾನು, ನನ್ನ ಪಕ್ಕದಲ್ಲಿ ಕಿರಿಯ ಸೊಸೆ ನೀಲವ್ವ. ನೀಲವ್ವನಿಗೆ ಏಳು ತಿಂಗಳು. ಅದೇ ಊರಿನ ನನ್ನ ತಂಗಿ ಈ ಬಸುರಿಯನ್ನು ಉಣ್ಣಲಿಕ್ಕೆ ಕರೆದಿದ್ದಳು. ಉಂಡು ಬಂಕಾಪುರಕ್ಕೆ ಮರಳುತ್ತಿದ್ದೆವು.

ಊರ ಹೊರಗಿನ ಇಳಿಜಾರಿನಲ್ಲಿ ಒಂದು ಎಮ್ಮೆ ಅಡ್ಡ ಬಂತು. ಯಜಮಾನರು ಪೆಡಲ್ ಒತ್ತಿದರು. ಇನ್ನೊಮ್ಮೆ ಒತ್ತಿದರು. ಮತ್ತೊಮ್ಮೆ. ಎಮ್ಮೆ ತಾನಾಗಿಯೇ ಸರಿಯಿತು (ಅದಕ್ಕಾದರೂ ಬುದ್ಧಿ ಇತ್ತು). ಕಾರು ಮಾತ್ರ ಸೀದಾ ಹೋಗಿ ಮೊಣಕಾಲುದ್ದ ಸಗಣಿಯಲ್ಲಿ ಮೂಗು ಹುಗಿಯಿತು. ಕೈಬ್ರೇಕು ಅಂತ ಒಂದಿದೆ ಎಂಬುದು ಅವರಿಗೆ ನೆನಪಾದದ್ದು ಆಮೇಲೆ.

ಯಾರಿಗೂ ಪೆಟ್ಟಾಗಲಿಲ್ಲ. ನೀಲವ್ವ ಹೊಟ್ಟೆ ಹಿಡಿದು ಕೂತಿದ್ದಳು. ಕೂಸು ಒದೆಯಿತೆಂದು ನನಗೆ ಸನ್ನೆ ಮಾಡಿದಳು. ತಿಪ್ಪೆಯ ಒಡೆಯ ಬಂದು, ಕಾರಿಗೆ ನಿಧಾನವಾಗಿ ಒಂದು ಸುತ್ತು ಹಾಕಿ ಅಂದ:

"ಸಾವ್ಕಾರ್ರ, ಗೊಬ್ಬರ ಬೇಕಿದ್ರ ಹೇಳಿ ಕಳಿಸಬೇಕಿತ್ತಿಲ್ರಿ. ಚಕ್ಕಡಿ ತುಂಬಿ ಕಳಸ್ತಿದ್ದೆ."

ತನ್ನ ಎತ್ತು ಹೂಡಿ ಹಿಂದಕ್ಕೆ ಎಳೆಸಿಕೊಟ್ಟ. ನಡೆಯುವವರು ನಮ್ಮನ್ನು ದಾಟಿ ಹೋಗುವಷ್ಟು ಮೆಲ್ಲಗೆ ಮನೆ ಮುಟ್ಟಿದೆವು.

ಇದೇನು ದೊಡ್ಡದು, ಎಲ್ಲ ಕಾರೂ ಎಂದೋ ಒಮ್ಮೆ ಹಾಗೆ ಮಾಡುತ್ತವೆ ಅನ್ನುತ್ತೀರಾ? ನಮ್ಮ ಯಜಮಾನರೂ ಅದನ್ನೇ ಅಂದರು. ಎತ್ತಿಗೂ ಎರಡು ಸಲ 'ಹೋ' ಅನ್ನಬೇಕಾಗುತ್ತದಂತೆ. ಬ್ರೇಕಿನ ಎಣ್ಣೆ ಕಡಿಮೆಯಾಗಿದ್ದೀತೆಂದು ಡಬ್ಬಿಯ ಮುಚ್ಚಳ ತೆಗೆದು ನೋಡಿದರು. ತುಂಬಿತ್ತು. ತುಂಬಿದ್ದರ ಮೇಲೇ ಇನ್ನಷ್ಟು ಸುರಿದರು. ಚೆಲ್ಲಿತು. ಕೈ ಒರೆಸಿಕೊಂಡು, ಆಯಿತು, ಶುಕ್ರವಾರ ಹೊರಡೋಣ ಅಂದರು.

ಶುಕ್ರವಾರ ಎಂದರೆ ನೀಲವ್ವನನ್ನು ಹೆರಿಗೆಗೆ ತವರಿಗೆ ಬಿಡುವ ದಿನ. ತವರು ಹಿರೇಕೆರೂರು. ಹಾನಗಲ್ಲು ದಾಟಿ ಹೋಗಬೇಕು. ದಾರಿಯಲ್ಲಿ ಎಷ್ಟು ಇಳಿಜಾರು, ಎಷ್ಟು ಹಳ್ಳ, ಎಷ್ಟು ಎಮ್ಮೆ! ಎಲ್ಲ ಇಳಿಜಾರಿನ ಕೆಳಗೂ ತಿಪ್ಪೆ ಇರುತ್ತದೆಯೇ?

ಮಂಗಳವಾರ ನಾನು ಯಾರನ್ನೂ ಕೇಳದೆ ಶಿಗ್ಗಾಂವಿಗೆ ಹೇಳಿ ಕಳಿಸಿದೆ. ಕಾಳಪ್ಪ ಮಿಸ್ತ್ರಿ ಸೈಕಲ್ ಮೇಲೆ ಬಂದ. ಮೊದಲು ಚಕ್ಕಡಿಯ ಗಾಲಿ ಮಾಡುತ್ತಿದ್ದವನು, ಈಗ ಮೋಟಾರು ಬಿಚ್ಚುತ್ತಾನೆ. ಮಾತು ಕಡಿಮೆ. ಒಳಗೆ ಕೂತು ಪೆಡಲ್ ಒತ್ತಿದ, ಬಿಟ್ಟ, ಒತ್ತಿದ. ಆಮೇಲೆ ಇಳಿದು, "ಅವ್ವಾರ, ನೀವೂ ಒಮ್ಮೆ ಒತ್ತಿ ನೋಡ್ರಿ" ಅಂದ.

ಆ ಸೀಟಿನಲ್ಲಿ ನಾನು ಕೂತದ್ದು ಅದೇ ಮೊದಲು. ಒತ್ತಿದೆ. ಕಾಲು ಕೆಳಗಿನ ಹಲಗೆಗೇ ಹೋಗಿ ಮುಟ್ಟಿತು. ಬಿಟ್ಟು ಮತ್ತೆ ಒತ್ತಿದೆ. ಈ ಸಲ ನಾಲ್ಕು ಬೆರಳು ಮೇಲೆಯೇ ಗಟ್ಟಿಯಾಗಿ ನಿಂತಿತು.

ಮಿಸ್ತ್ರಿ ಬಿಡಿಸಿ ಹೇಳಿದ. ಕೊಳವೆಯಲ್ಲಿ ಗಾಳಿ ಹೊಕ್ಕಿದ್ದರೆ ಅರಳೆ ಮೂಟೆಯ ಮೇಲೆ ಕಾಲಿಟ್ಟಂತೆ ಮೆತ್ತಗಿರುತ್ತಿತ್ತು. ಎಣ್ಣೆ ಸೋರುತ್ತಿದ್ದರೆ ಒತ್ತಿ ಹಿಡಿದಾಗ ಕಾಲು ಮೆಲ್ಲಗೆ ಇಳಿಯುತ್ತ ಹೋಗುತ್ತಿತ್ತು. ಇದು ಎರಡೂ ಅಲ್ಲ. ಗಾಲಿಯೊಳಗಿನ ಬ್ರೇಕಿನ ಪಟ್ಟಿ ಸವೆದು ಡ್ರಮ್ಮಿನಿಂದ ದೂರ ಉಳಿದಿದೆ. ಮೊದಲನೆಯ ಒತ್ತು ಆ ದೂರ ತುಂಬಲಿಕ್ಕೇ ಖರ್ಚಾಗುತ್ತದೆ. ನಿಲ್ಲಿಸುವ ಕೆಲಸ ಎರಡನೆಯದರದ್ದು, ಇಳಿಜಾರಿನಲ್ಲಿ ಮೂರನೆಯದರದ್ದು. ಅಷ್ಟರಲ್ಲಿ ತಿಪ್ಪೆ ಬಂದಿರುತ್ತದೆ. (ನಾನು ಕಲಿತದ್ದು ಎರಡನೆಯ ಇಯತ್ತೆ. ನನಗೇ ತಿಳಿಯಿತೆಂದರೆ ನಿಮಗೂ ತಿಳಿಯುತ್ತದೆ.)

ಜಾಕ್ ಕೊಟ್ಟು ಗಾಲಿ ಬಿಚ್ಚಿದ. ಮುಂದಿನವು ಅರ್ಧ ಸವೆದಿದ್ದವು. ಹಿಂದಿನವುಗಳ ಪಟ್ಟಿ ಮೊಳೆಯ ತಲೆ ಕಾಣುವಷ್ಟು ತೆಳ್ಳಗಾಗಿತ್ತು. ಅವನಿಗೆ ಅಲ್ಲಿಯೇ ಅನುಮಾನ. ಯುದ್ಧ ಬಂದು ಪೆಟ್ರೋಲಿಗೆ ರೇಷನ್ ಚೀಟಿ ಆದ ಮೇಲೆ ನಮ್ಮ ಗಾಡಿ ಹೊರಗೆ ಬರುವುದೇ ತಿಂಗಳಿಗೆ ಎರಡು ಸಲ. ಇಷ್ಟೇಕೆ ಸವೆಯಬೇಕು? ಯಾವಾಗಿನಿಂದ ಹೀಗೆ ಎಂದು ಕೇಳಿದ.

ಯಜಮಾನರು ಕಟ್ಟೆಯ ಮೇಲಿಂದಲೇ, ಪತ್ರಿಕೆ ಕೆಳಗಿಳಿಸದೆ ಅಂದರು: "ನಿನ್ನೆಯಿಂದ."

"ನಿನ್ನೆ ಮೊನ್ನೇದಲ್ರಿ ಇದು" ಅಂದ ಮಿಸ್ತ್ರಿ.

ಆಗ ಪಡಸಾಲೆಯ ಒಳಗೆ ಬಳೆ ಸದ್ದಾಯಿತು.

ನಮ್ಮ ಮನೆಯಲ್ಲಿ ಸೊಸೆಯಾದವಳು ಮಾವನ ಎದುರು ಮಾತಾಡುವುದಿಲ್ಲ. ಹೇಳಲೇಬೇಕಾದರೆ ಪಡಸಾಲೆಯ ಕಂಬದ ಹತ್ತಿರ ನಿಂತು ಕಂಬಕ್ಕೆ ಹೇಳುತ್ತಾಳೆ. ಕಂಬವೇ, ಜೋಳ ತೀರಿದೆ. ಕಂಬವೇ, ಕೂಸಿಗೆ ಜ್ವರ ಬಂದಿದೆ. ಕೇಳಬೇಕಾದವರು ಕೇಳಿಸಿಕೊಳ್ಳುತ್ತಾರೆ, ಮನಸ್ಸಿದ್ದರೆ. ನಾನೂ ಹನ್ನೊಂದು ವರ್ಷ ಹೇಳಿದ್ದೇನೆ. ಆ ಕಂಬದ ಒಂದೊಂದು ಗಂಟೂ ನನಗೆ ಗೊತ್ತು.

ನೀಲವ್ವ ಕಂಬಕ್ಕೆ ಹೇಳಲು ಶುರುಮಾಡಿದಳು. ನಾನು ತಡೆದೆ.

"ಕಂಬ ಗಾಡಿ ರಿಪೇರಿ ಮಾಡೂದಿಲ್ಲ. ಹೊರಗ ಬಂದು ಮಿಸ್ತ್ರಿಗೆ ಹೇಳು."

ಹೊಸ್ತಿಲಿಗೆ ಬಂದು, ಸೆರಗು ಎಳೆದುಕೊಂಡು ಹೇಳಿದಳು: "ದೀಪಾವಳಿಯಿಂದ ಎರಡು ಸಲ ಒತ್ತಾಕತ್ತಾರ್ರಿ. ಸಂಕ್ರಾಂತಿಗೆ ಮೂರು ಸಲ ಆತು. ಪೆಟ್ರೋಲ್ ಉಳೀಲಿ ಅಂತ ಇಳಿಜಾರಿನಾಗ ಎಂಜಿನ್ ಬಂದ್ ಮಾಡಿ ಬಿಡ್ತಾರ. ಭಾರ ಎಲ್ಲಾ ಬ್ರೇಕಿನ ಮ್ಯಾಲ."

ಮಿಸ್ತ್ರಿ ನಟ್ಟು ತಿರುವುವ ಪಾನಾ ಕೆಳಗಿಟ್ಟ. ಯಜಮಾನರ ಪತ್ರಿಕೆ ಕೆಳಗಿಳಿಯಿತು.

ಇವಳಿಗೆ ಹೇಗೆ ಗೊತ್ತು? ಇವಳ ಅಪ್ಪ ಹಿರೇಕೆರೂರಿಗೂ ಹಾನಗಲ್ಲಿಗೂ ನಡುವೆ ಸರ್ವಿಸ್ ಮೋಟಾರು, ಅಂದರೆ ಬಸ್ಸು, ಓಡಿಸುತ್ತಾನೆ. ಬಿಚ್ಚಿಟ್ಟ ಗಾಲಿಗಳ ನಡುವೆ ಆಡಿ ಬೆಳೆದ ಹುಡುಗಿ. ಅದು ಗೊತ್ತಿದ್ದೇ ಸೊಸೆ ಮಾಡಿಕೊಂಡೆವು. ಆದರೆ ನಾವು ಕೇಳಿದ್ದು ರೊಟ್ಟಿ ತೆಳ್ಳಗೆ ಬಡಿಯುತ್ತಾಳೆಯೇ ಎಂದು.

ಈಗ ನನ್ನದೂ ಹೇಳಿಬಿಡುತ್ತೇನೆ. ಸಂಕ್ರಾಂತಿಗೆ ಸವಣೂರಿಗೆ ಹೋಗಿ ಬಂದ ದಿನ ಅವಳು ಇದೇ ಕಂಬಕ್ಕೆ ಹೇಳಿದ್ದಳು, ಪೆಡಲ್ ಕೆಳಗೆ ಹೋಗುತ್ತಿದೆ ಅಂತ. ನಾನು ಅಲ್ಲೇ ಜೋಳ ಹಸನು ಮಾಡುತ್ತಿದ್ದೆ. ಕೇಳಿಸಿತು. ಏನಂದೆ ಗೊತ್ತೇ? "ಮಾವನ ಕಾಲು ನೋಡಕೋತ ಕುಂದ್ರತಿಯೇನ? ಸೊಸಿ ಕಣ್ಣು ತನ್ನ ಉಡಿಯೊಳಗಿರಬೇಕು."

ಅಂದಾಗ ಬಹಳ ಚೆನ್ನಾಗಿ ಅಂದೆ ಅನ್ನಿಸಿತ್ತು. ಅವಳು ಬಾಯಿ ಮುಚ್ಚಿಕೊಂಡಳು. ಸೋಮವಾರ ಆ ಇಳಿಜಾರಿನ ತಲೆಯಲ್ಲಿಯೇ, ಎಮ್ಮೆ ಕಾಣುವುದಕ್ಕೂ ಮೊದಲೇ, ಎರಡೂ ಕೈಯಿಂದ ಮುಂದಿನ ಸೀಟು ಗಟ್ಟಿಯಾಗಿ ಹಿಡಿದಿದ್ದಳು. ನಾನು ನೋಡಿದ್ದೆ. ವಾಕರಿಕೆ ಇರಬೇಕು ಅಂದುಕೊಂಡೆ.

ಹಿಂದಿನ ಗಾಲಿಗಳಿಗೆ ಹೊಸ ಪಟ್ಟಿ ಬೇಕು, ಈ ಯುದ್ಧದಲ್ಲಿ ಅದು ಹುಬ್ಬಳ್ಳಿಯಲ್ಲೂ ಸಿಗುವುದಿಲ್ಲ ಅಂದ ಮಿಸ್ತ್ರಿ. ಅಪ್ಪನ ಹತ್ತಿರ ಇದ್ದಾವು ಅಂದಳು ನೀಲವ್ವ. ಅವತ್ತೇ ಹೇಳಿ ಕಳಿಸಿದೆವು. ಬುಧವಾರ ಸಂಜೆಯ ಮೋಟಾರಿನಲ್ಲಿ ಹಾನಗಲ್ಲಿನಿಂದ ಒಂದು ಅರಿವೆಯ ಗಂಟು ಬಂತು, ಒಳಗೆ ಬೇಕಾದಷ್ಟು ಪಟ್ಟಿ. ಗುರುವಾರ ಕಾಳಪ್ಪ ಅದನ್ನು ಕತ್ತರಿಸಿ ಮೊಳೆ ಹೊಡೆದು ಕೂಡಿಸಿದ. ನಾಲ್ಕೂ ಗಾಲಿಗೆ ತಿರುಪು ತಿರುವಿ, ಪಟ್ಟಿ ಡ್ರಮ್ಮಿಗೆ ಹತ್ತಿ ಗಾಲಿ ನಿಲ್ಲುವತನಕ ಬಿಗಿ ಮಾಡಿದ. ಆಮೇಲೆ ಗಾಲಿ ಬಿಡುವಾಗಿ ತಿರುಗುವಷ್ಟು ತುಸು ಸಡಿಲಿಸಿದ. ಡಬ್ಬಿಯಲ್ಲಿ ಹೆಚ್ಚಾಗಿದ್ದ ಎಣ್ಣೆ ತೆಗೆದ. ಇಷ್ಟೇ.

ಯಜಮಾನರು ಪರೀಕ್ಷೆ ಮಾಡಲು ಓಣಿಯಲ್ಲಿ ಓಡಿಸಿದರು. ಮೂರು ಸಲದ ಬಲವನ್ನೆಲ್ಲ ಒಂದೇ ಸಲಕ್ಕೆ ಹಾಕಿ ಒತ್ತಿದರು, ರೂಢಿ ಬಿಡಬೇಕಲ್ಲ. ಕಾರು ಗಕ್ಕನೆ ನಿಂತಿತು. ರುಮಾಲು ಉರುಳಿ ಬಿತ್ತು. ಬಾಗಿಲಲ್ಲಿದ್ದ ನೀಲವ್ವ ನಗಲಿಲ್ಲ. ನಾನು ನಕ್ಕೆ.

ಶುಕ್ರವಾರ ಹೊರಟೆವು. ಹಾನಗಲ್ಲಿನ ಈಚೆಗೆ ಒಂದು ಉದ್ದನೆಯ ಇಳಿಜಾರು. ಯಜಮಾನರ ಕೈ ಮೆಲ್ಲಗೆ ಎಂಜಿನ್ನಿನ ಕೀಲಿಗೆ ಹೋಯಿತು. ಕಾರಿನಲ್ಲಿ ಕಂಬ ಎಲ್ಲಿದೆ? ನೀಲವ್ವ ನನ್ನ ಮುಖ ನೋಡಿದಳು. ನಾನು ಕಿಟಕಿಯ ಹೊರಗೆ ನೋಡಿದೆ.

"ಮಾವಾರ, ಬಂದ್ ಮಾಡಬ್ಯಾಡ್ರಿ."

ಕೈ ಹಿಂದೆ ಬಂತು. ಹಿರೇಕೆರೂರಿನತನಕ ಒಂದು ಇಳಿಜಾರಿನಲ್ಲೂ ಅವರು ಎಂಜಿನ್ ನಿಲ್ಲಿಸಲಿಲ್ಲ.

ನಿಮ್ಮ ಮನೆಯ ಕಂಬಕ್ಕೆ ಏನೇನು ಗೊತ್ತಿದೆ, ತಿಪ್ಪೆ ಸಿಗುವ ಮೊದಲು ಒಮ್ಮೆ ಕೇಳಿದ್ದೀರಾ?