ಸುಮಕ್ಕನನ್ನು ಅಳಿಸಿದ್ದು

ಗೆಳೆಯರೇ, ನನ್ನ ಹೆಂಡತಿ ಆನ್‌ಲೈನಿನಲ್ಲಿ ಹೋಳಿಗೆ ಮಾರುತ್ತಾಳೆ. ಇವತ್ತು ಬೆಳಿಗ್ಗೆ ಹಳೇ ಗಿರಾಕಿ, ಇಲ್ಲೇ ಕ್ಯಾಲಿಫೋರ್ನಿಯಾದ ಲಾಸ್ ಆಲ್ಟೋಸಿನ ಸುಮಕ್ಕನ ಫೋನು.

"ನಾಳೆ ಹೊಸ ಬೀಗರು ಬರಾಕತ್ತಾರ. ಯಾವಾಗಿನಂಗ ಕಳಸವಾ."

"ಈ ರಾಜ್ಯದ ಕಾನೂನಿನ ಪ್ರಕಾರ ನನ್ನ ಮಾಹಿತಿ ಎಲ್ಲ ಅಳಿಸಿ ಅಂತ ಹೋದ ವಾರ ನೀವೇ ಈಮೇಲು ಹಾಕಿದ್ರಿ. ಅಳಿಸಿದ್ದೀನಿ. ಹೆಸರು, ವಿಳಾಸ ಹೇಳಿ."

"ಎಲ್ಲಾ ಕಂಪನಿಗೂ ಹಾಕು ಅಂದ್ಲು ಮಗಳು, ಹಾಕಿದೆ. ನಮ್ಮನಿಗೆ ಉಣ್ಣಾಕ ಬಂದಾಕಿ ನೀ, ವಿಳಾಸ ಕೇಳ್ತಿ?"

"ಊಟ ಮಾಡಿದ್ದು ನಾನು ಅಕ್ಕ. ನೀವು ಬರೆದಿದ್ದು ಕಂಪನಿಗೆ."

ಸುಮಕ್ಕ ಸೋತು ವಿಳಾಸ ಬರೆಸಿದರು. "ಮತ್ತ ನಮ್ಮನಿಯವರಿಗೆ..." ಎನ್ನುವಷ್ಟರಲ್ಲಿ ಇವಳು, "ಗೊತ್ತು, ಶುಗರ್ರು. ಬೆಲ್ಲ ಕಮ್ಮಿದು ನಾಲ್ಕು ಬೇರೆ ಕಟ್ಟಿರ್ತೀನಿ" ಅಂದಳು.

ಕಂಪ್ಯೂಟರಿನಲ್ಲಿ ಏನೂ ಇಲ್ಲ, ಇವಳ ತಲೆಯಲ್ಲಿ ಎಲ್ಲ. ಅಲ್ಲಿಂದ ಅಳಿಸು ಅನ್ನೋಕೆ ಕ್ಯಾಲಿಫೋರ್ನಿಯಾಕ್ಕೂ ಧೈರ್ಯ ಇಲ್ಲ.